ಕೂದಲೆಳೆಯಷ್ಟು ಕಾಲುವೆ, ಅದರಲ್ಲಿ ಕ್ಯಾನ್ಸರ್ ಕೋಶ: ಬಳ್ಳಾರಿಯ ನನ್ನ ಅನುಭವ

ನಮ್ಮದು ಸಿರುಗುಪ್ಪ ಕಡೆ ಭತ್ತ ಬೆಳೆಯುವ ಮನೆ. ಕಾಲುವೆ ಅಂದ್ರೆ ನಮಗೆ ತುಂಗಭದ್ರಾ ಕೆನಾಲ್. ಪಿಎಚ್‌ಡಿ ಮಾಡ್ತೀನಿ ಅಂತ ಬಳ್ಳಾರಿಗೆ ಬಂದ ಮೇಲೆ ನಾನು ಮಾಡಿದ ಕಾಲುವೆಯ ಅಗಲ 1 ಮಿಲಿಮೀಟರ್, ಉದ್ದ 2 ಸೆಂಟಿಮೀಟರ್, ಎತ್ತರ 100 ಮೈಕ್ರಾನ್. ಅಂದರೆ ಎತ್ತರ ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಇಡೀ ಕಾಲುವೆ ತುಂಬೋಕೆ 2 ಮೈಕ್ರೋಲೀಟರ್ ಸಾಕು. ನಲ್ಲಿಯಿಂದ ತೊಟ್ಟಿಕ್ಕುವ ಒಂದು ಹನಿಯಲ್ಲಿ ಇಂಥ ಇಪ್ಪತ್ತು ಕಾಲುವೆ ತುಂಬಬಹುದು.

ಯಾಕೆ ಈ ಗೋಜು ಅಂದ್ರೆ, ಕ್ಯಾನ್ಸರ್‌ನಲ್ಲಿ ಜನ ಸಾಯುವುದು ಜಾಸ್ತಿ ಅದು ಬೇರೆ ಕಡೆ ಹರಡಿದ್ದರಿಂದ. ಗಡ್ಡೆಯಿಂದ ಬಿಟ್ಟುಬಂದ ಕೋಶ ರಕ್ತದಲ್ಲಿ ತೇಲುತ್ತ ಹೋಗಿ ಎಲ್ಲೋ ಒಂದು ಕಡೆ ರಕ್ತನಾಳದ ಗೋಡೆ ಹಿಡಿಯಬೇಕು. ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲಿಷ್ ವೈದ್ಯ ಸ್ತನ ಕ್ಯಾನ್ಸರಿನಿಂದ ಸತ್ತ 735 ಜನರ ದಾಖಲೆ ನೋಡಿ 1889ರಲ್ಲೇ ಒಂದು ಮಾತು ಬರೆದಿದ್ದ: ಬೀಜ ಎಲ್ಲಾ ಕಡೆ ಹೋಗುತ್ತೆ, ಹೊಂದುವ ಮಣ್ಣು ಸಿಕ್ಕಲ್ಲಿ ಮಾತ್ರ ಬೆಳೆಯುತ್ತೆ. ನನ್ನ ಪ್ರಶ್ನೆ ಅದಕ್ಕೂ ಸ್ವಲ್ಪ ಹಿಂದಿನದು. ಹರಿಯುವ ನೀರಲ್ಲಿ ಹೋಗ್ತಿರೋ ಬೀಜ ದಡ ಹಿಡಿಯೋದು ಹೇಗೆ?

ಮೊದಲು ಎಲ್ಲರ ಹಾಗೆ ಪ್ಲೇಟಿನಲ್ಲೇ ಮಾಡಿದೆ. ರಕ್ತನಾಳದ ಒಳಪದರದ ಕೋಶಗಳನ್ನು ತಳದಲ್ಲಿ ಬೆಳೆಸಿ, ಮೇಲೆ ಕ್ಯಾನ್ಸರ್ ಕೋಶ ಸುರಿದು, ಅರ್ಧ ಗಂಟೆ ಬಿಟ್ಟು, ತೊಳೆದು, ಉಳಿದದ್ದನ್ನು ಎಣಿಸುವುದು. ಒಂದು ದಿನ ನಾನು ತೊಳೆದೆ, ಮರುದಿನ ಪಕ್ಕದ ಬೆಂಚಿನ ಗೆಳೆಯ ತೊಳೆದ. ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ. ನಾವು ಅಳೀತಾ ಇದ್ದದ್ದು ಅಂಟನ್ನಲ್ಲ, ಪಿಪೆಟ್ ಒತ್ತುವ ಹೆಬ್ಬೆರಳನ್ನು! ನಿಂತ ನೀರಲ್ಲಿ ಹೇಗೂ ಎಲ್ಲವೂ ತಳಕ್ಕೆ ಕೂತು ಅಂಟುತ್ತೆ. ರಕ್ತ ನಿಲ್ಲೋದಿಲ್ಲವಲ್ಲ.

ಹಾಗಾಗಿ ಚಿಪ್, ಅಂದರೆ ಮೊದಲು ಹೇಳಿದ ಆ ಕಾಲುವೆ ಇರುವ ಪುಟ್ಟ ತುಂಡು. ಅಚ್ಚನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಲೀನ್‌ರೂಮಿನಲ್ಲಿ (ಧೂಳು ಬಾರದ ಹಾಗೆ ಕಾಪಾಡುವ ಕೋಣೆ) ಸಿಲಿಕಾನ್ ವೇಫರ್ ಮೇಲೆ ಮಾಡಿಸಿಕೊಂಡು ಬಂದೆ. ಮುಂದಿನದೆಲ್ಲ ಬಳ್ಳಾರಿಯಲ್ಲೇ. ಪಿಡಿಎಂಎಸ್ ಅಂತ ಜೇನಿನಂಥ ಸಿಲಿಕೋನ್ ದ್ರವ ಬರುತ್ತೆ. ಹತ್ತು ಭಾಗಕ್ಕೆ ಒಂದು ಭಾಗ ಗಟ್ಟಿಯಾಗಿಸುವ ದ್ರವ ಸೇರಿಸಿ ಚೆನ್ನಾಗಿ ಕಲಸಬೇಕು. ಗುಳ್ಳೆ ಹೋಗುವ ತನಕ ವ್ಯಾಕ್ಯೂಮ್‌ನಲ್ಲಿಟ್ಟು, ಅಚ್ಚಿನ ಮೇಲೆ ಸುರಿದು, 65 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮೆತ್ತನೆ ರಬ್ಬರಿನ ಹಾಗೆ ಕಿತ್ತು ಬರುತ್ತೆ. ಎರಡು ತುದಿಗೆ ತೂತು ಹೊಡೆದು ಗಾಜಿಗೆ ಅಂಟಿಸಿದರೆ ಕಾಲುವೆ ರೆಡಿ. ಅಂಟಿಸೋಕೆ ನಮ್ಮಲ್ಲಿ ಪ್ಲಾಸ್ಮಾ ಯಂತ್ರ ಇಲ್ಲ. ಕೈಯಲ್ಲಿ ಹಿಡಿದು ವಿದ್ಯುತ್ ಕಿಡಿ ಸವರುವ ಕೊರೋನಾ ಟ್ರೀಟರ್ ಇದೆ. ಅದರ ಹೆಸರು ಕೇಳಿ ಆಫೀಸಿನವರು ಬಿಲ್ ಪಾಸ್ ಮಾಡೋಕೆ ಒಂದು ವಾರ ಹಿಂದೆಮುಂದೆ ನೋಡಿದರು.

ನಮ್ಮೂರಿನ ಕೆಂಪು ಧೂಳು ಗೊತ್ತಲ್ಲ. ಒಂದು ಕಣ ಸಿಕ್ಕರೂ ಅಂಚು ಅಂಟೋದಿಲ್ಲ, ಸೋರುತ್ತೆ. ಅದಕ್ಕೆ ಪ್ರತಿ ತುಂಡಿಗೂ ಸೆಲ್ಲೋ ಟೇಪ್ ಒತ್ತಿ ಎಳೆಯುವುದು. ಮೂರು ಸಲ. ಟೇಪಿನ ಮೇಲೆ ಕಂದು ಚುಕ್ಕಿ ಕಾಣದಿದ್ದರೆ ಮಾತ್ರ ಮುಂದಿನ ಕೆಲಸ.

ಇನ್ನು ಹರಿವು. ಗೋಡೆಯನ್ನು ಸವರಿಕೊಂಡು ಹೋಗುವ ಎಳೆತಕ್ಕೆ ಶಿಯರ್ ಸ್ಟ್ರೆಸ್ ಅಂತಾರೆ. ಸಿರೆಗಳಲ್ಲಿ ಅದು ಚದರ ಸೆಂಟಿಮೀಟರಿಗೆ ಸುಮಾರು 1ರಿಂದ 6 ಡೈನ್ (ಬಲದ ಒಂದು ಪುಟ್ಟ ಅಳತೆ). ಅಪಧಮನಿಗಳಲ್ಲಿ 10ಕ್ಕಿಂತ ಜಾಸ್ತಿ. ನನ್ನ ಕಾಲುವೆಯಲ್ಲಿ 37 ಡಿಗ್ರಿಯಲ್ಲಿ 1 ಡೈನ್ ಬೇಕಾದರೆ ಸಿರಿಂಜ್ ಪಂಪನ್ನು ನಿಮಿಷಕ್ಕೆ 14 ಮೈಕ್ರೋಲೀಟರ್‌ಗೆ ಇಡಬೇಕು. ಎತ್ತರ ಮಾತ್ರ ಸರಿಯಾಗಿ ಅಳೆದುಕೊಳ್ಳಿ. ಸೂತ್ರದ ಛೇದದಲ್ಲಿ ಅದು ವರ್ಗವಾಗಿ ಬರುತ್ತೆ. 100 ಅಂದುಕೊಂಡದ್ದು ನಿಜಕ್ಕೂ 90 ಇದ್ದರೆ ಎಳೆತ ಕಾಲು ಭಾಗದಷ್ಟು ಏರಿಬಿಡುತ್ತೆ. ನಾನು ಪ್ರತಿ ಅಚ್ಚಿನಿಂದ ಒಂದು ಚಿಪ್ಪನ್ನು ಬ್ಲೇಡಿನಿಂದ ಅಡ್ಡ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡ್ತೀನಿ. ಸಿರಿಂಜ್ ಸಣ್ಣದಿರಲಿ, 1 ಎಂಎಲ್‌ದು. ದೊಡ್ಡದು ಹಾಕಿದರೆ ಮೋಟಾರಿನ ಒಂದೊಂದು ಹೆಜ್ಜೆಯೂ ಕಾಲುವೆಯಲ್ಲಿ ಜಗ್ಗಿದ ಹಾಗೆ ಕಾಣುತ್ತೆ.

ಗುಳ್ಳೆಯ ಕಾಟ ಬೇರೆ. ಫ್ರಿಜ್ಜಿನಿಂದ ತೆಗೆದ ಮೀಡಿಯಂ, ಅಂದರೆ ಕೋಶ ಸಾಕುವ ಪೋಷಕ ದ್ರವ, ಬೆಚ್ಚಗಾಗ್ತಿದ್ದ ಹಾಗೆ ಗಾಳಿ ಬಿಡುತ್ತೆ. ಒಂದು ಗುಳ್ಳೆ ಹಾದುಹೋದರೆ ಕಾಲುವೆಯೊಳಗೆ ಎರಡು ದಿನ ಸಾಕಿದ ರಕ್ತನಾಳದ ಕೋಶದ ಹಾಸು ಚಾಪೆ ಸುತ್ತಿದ ಹಾಗೆ ಕಿತ್ತುಹೋಗುತ್ತೆ. ಈಗ ಮೀಡಿಯಂ ಅನ್ನು ಒಂದು ಗಂಟೆ ಮೊದಲೇ ಬೆಚ್ಚಗಿನ ನೀರಲ್ಲಿ ಇಡ್ತೀನಿ. ಮೇ ತಿಂಗಳಲ್ಲಿ ಏಸಿ ಕೆಟ್ಟಾಗ ಅದೂ ಬೇಕಾಗಲಿಲ್ಲ, ಬೆಂಚೇ 37 ಡಿಗ್ರಿ!

ನಿಜವಾಗಿ ನನ್ನನ್ನು ಸತಾಯಿಸಿದ್ದು ಇದ್ಯಾವುದೂ ಅಲ್ಲ. ನಾನು ಬಳಸಿದ್ದು ಎಚ್‌ಟಿ-29, 1964ರಲ್ಲಿ ಒಬ್ಬ ಮಹಿಳೆಯ ದೊಡ್ಡ ಕರುಳಿನ ಗಡ್ಡೆಯಿಂದ ತೆಗೆದ ಕೋಶದ ವಂಶ. ರಕ್ತನಾಳದ ಕೋಶಗಳಿಗೆ ಟಿಎನ್‌ಎಫ್ ಆಲ್ಫಾ (ಉರಿಯೂತದ ಸಂಕೇತ ಕೊಡುವ ಪ್ರೋಟೀನ್) ಹಾಕಿ ನಾಲ್ಕು ಗಂಟೆ ಬಿಟ್ಟರೆ ಅವುಗಳ ಮೇಲೆ ಇ-ಸೆಲೆಕ್ಟಿನ್ ಎಂಬ ಪ್ರೋಟೀನ್ ಎದ್ದು ನಿಲ್ಲುತ್ತೆ. ಎಚ್‌ಟಿ-29ರ ಮೈಮೇಲಿನ ಸಕ್ಕರೆ ಸರಗಳು ಅದಕ್ಕೆ ಸಿಕ್ಕಿಕೊಳ್ಳಬೇಕು. ಪುಸ್ತಕದಲ್ಲಿ ಹಾಗಿದೆ. ನನ್ನ ಚಿಪ್ಪಿನಲ್ಲಿ ಮೂರು ವಾರ ಒಂದೂ ಸಿಕ್ಕಿಕೊಳ್ಳಲಿಲ್ಲ. ಎಲ್ಲಾ ಸುಮ್ನೆ ತೇಲಿಕೊಂಡು ಹೋದವು.

ಟಿಎನ್‌ಎಫ್ ಹಳೇದು ಅಂದುಕೊಂಡೆ, ಹೊಸದು ತರಿಸಿದೆ. ಊಹೂಂ. ಮೇಡಂ ಬಂದು, "ಕೋಶ ಬಿಡಿಸೋಕೆ ಟ್ರಿಪ್ಸಿನ್ ಹಾಕ್ತೀಯಲ್ಲ, ಅದು ಮೇಲಿನ ಪ್ರೋಟೀನೆಲ್ಲ ಕತ್ತರಿಸಿಬಿಡುತ್ತಪ್ಪ" ಅಂದರು. ಹೌದಲ್ವಾ ಅನಿಸಿ ಟ್ರಿಪ್ಸಿನ್ ಬಿಟ್ಟು, ಕೋಶ ಬಿಡಿಸುವ ಇನ್ನೊಂದು ರಾಸಾಯನಿಕ ಇಡಿಟಿಎ ಹಿಡಿದೆ. ಆಮೇಲೂ ಸೊನ್ನೆ. ಒಂದು ರಾತ್ರಿ ಹಾಸ್ಟೆಲಿನಲ್ಲಿ ಊಟ ಮಾಡ್ತಾ ಹೊಳೆಯಿತು. ಸೆಲೆಕ್ಟಿನ್ ಹಿಡಿಯೋಕೆ ಕ್ಯಾಲ್ಸಿಯಂ ಬೇಕೇ ಬೇಕು. ಇಡಿಟಿಎ ಮಾಡೋ ಕೆಲಸವೇ ಕ್ಯಾಲ್ಸಿಯಂ ಕಸಿಯೋದು! ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅನ್ನೋ ಹಾಗೆ. ಸಾಲದ್ದಕ್ಕೆ ನಾನು ಕೋಶ ತೇಲಿಸ್ತಿದ್ದ ಉಪ್ಪುನೀರಿನ ಬಾಟಲಿ ಮೇಲೆ ಕ್ಯಾಲ್ಸಿಯಂ ಇಲ್ಲ ಅಂತ ದಪ್ಪಕ್ಷರದಲ್ಲೇ ಬರೆದಿತ್ತು. ಮೂರು ವಾರ ಅದನ್ನೇ ಎತ್ತಿ ಎತ್ತಿ ಇಟ್ಟಿದ್ದೆ.

ಬೆಳಿಗ್ಗೆ ಎದ್ದು ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ ಇಡಿಟಿಎ ತೊಳೆದೆ. ಕ್ಯಾಲ್ಸಿಯಂ ಇರುವ ಮೀಡಿಯಂನಲ್ಲಿ ಕೋಶ ಹಾಕಿ, ಗಂಟು ಹೋಗಲಿ ಅಂತ 40 ಮೈಕ್ರಾನ್ ಜರಡಿಯಲ್ಲಿ ಸೋಸಿ, ಪಂಪ್ ಬಿಟ್ಟೆ. ಬಿಡುಬೀಸಾಗಿ ಹೋಗುವ ಕೋಶ ಮೈಕ್ರೋಸ್ಕೋಪಿನ ನೋಟವನ್ನು ಒಂದು ಸೆಕೆಂಡಿನ ಆಸುಪಾಸಿನಲ್ಲಿ ದಾಟಿಬಿಡುತ್ತೆ, ಒಂದು ಗೆರೆ ಎಳೆದ ಹಾಗೆ ಅಷ್ಟೆ. ಅವತ್ತು ಒಂದು ಕೋಶ ಎಡಗಡೆಯಿಂದ ಬಂತು. ತಡವರಿಸಿತು. ಉರುಳತೊಡಗಿತು. ನಿಂತೇ ಬಿಡ್ತೇನೋ ಅನ್ನುವಷ್ಟರಲ್ಲಿ ಮತ್ತೆ ಅರ್ಧ ಸುತ್ತು ಉರುಳಿ, ನಿಂತಿತು. ಹಿಂದೆಯೇ ಇನ್ನೊಂದು. ಕೂಗಿದ್ದಕ್ಕೆ ಪಕ್ಕದ ಲ್ಯಾಬಿನವರೂ ಓಡಿಬಂದರು.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ನಮ್ಮ ಹೊಲದ ಒಂದು ಮೂಲೆ ಸವಳು ಹಿಡಿದು ಎರಡು ವರ್ಷ ಬೆಳೆ ಬಂದಿರಲಿಲ್ಲ. ಜಿಪ್ಸಂ ಹಾಕಿದ ಮೇಲೆ ಸುಧಾರಿಸಿತ್ತು. ಜಿಪ್ಸಂನಲ್ಲಿರೋದೂ ಕ್ಯಾಲ್ಸಿಯಮ್ಮೇ ಅಂದೆ. "ಮತ್ತ ಮೊದ್ಲ ನನ್ನ ಕೇಳಬೇಕಿಲ್ಲೇನಲೇ" ಅಂದು ನಕ್ಕರು.

ಹಾಗಂತ ಆ ಖುಷಿಯನ್ನೇ ನಂಬಲಿಲ್ಲ. ಇ-ಸೆಲೆಕ್ಟಿನ್ ಅನ್ನು ಮುಚ್ಚುವ ಆಂಟಿಬಾಡಿ ಹಾಕಿ ಮತ್ತೆ ಬಿಟ್ಟೆ. ಉರುಳುವುದು ಬಹುಪಾಲು ನಿಂತು ಕೋಶಗಳು ಮೊದಲಿನ ಹಾಗೆ ಗೆರೆ ಎಳೆದುಕೊಂಡು ಹೋದವು. ಟಿಎನ್‌ಎಫ್ ಹಾಕದ ಚಿಪ್ಪಿನಲ್ಲೂ ಅದೇ ಕಥೆ. ಈ ಎರಡು ಇಲ್ಲದೆ ಬರೀ ಅಂಟಿದ ವಿಡಿಯೋ ತೋರಿಸುವವರನ್ನು ಈಗ ನಾನು ನಂಬೋದಿಲ್ಲ. ಎಣಿಸುವಾಗಲೂ ಉರುಳಿದ್ದು ಬೇರೆ, ಗಟ್ಟಿ ಹಿಡಿದದ್ದು ಬೇರೆ ಅಂತ ಎರಡು ಕಾಲಂ. ನಿಂತದ್ದನ್ನು ಮಾತ್ರ ಎಣಿಸ್ತಿದ್ದ ಹಳೇ ನೋಟ್‌ಬುಕ್ಕನ್ನು ಪೂರ್ತಿ ಬಿಟ್ಟು ವಿಡಿಯೋಗಳನ್ನು ಮೊದಲಿನಿಂದ ನೋಡಿದೆ.

ಒಂದು ಕೊರತೆ ಉಳಿದೇ ಇದೆ. ನನ್ನ ಕಾಲುವೆಯಲ್ಲಿ ಹರಿಯೋದು ತಿಳಿ ಮೀಡಿಯಂ. ಮೈಯಲ್ಲಿ ಕೆಂಪು ರಕ್ತಕಣಗಳು ನಡುವೆ ನುಗ್ಗುತ್ತ ದೊಡ್ಡ ಕೋಶಗಳನ್ನು ಗೋಡೆ ಕಡೆ ತಳ್ಳುತ್ತವೆ. ಅವನ್ನೂ ಸೇರಿಸಿ ನೋಡಬೇಕು ಅಂತ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿದ್ದೀನಿ. ಅಲ್ಲಿಯವರೆಗೆ ಹೊಸ ಅಚ್ಚಿಗೆ ಪಿಡಿಎಂಎಸ್ ಸುರೀತಾ, ಟೇಪ್ ಎಳೀತಾ ಇದ್ದೀನಿ.