ತಿಗರಿಯ ಮೇಲೆ ಹೂಕುಂಡ: ಮುಂಬಯಿಯ ಹವೆಗೆ ತಕ್ಕ ವಿಧಾನ

ನೀರಿನ ಗಡಿಗೆಗಿಂತ ಹೂಕುಂಡವನ್ನು ತಿಗರಿಯ, ಅಂದರೆ ಕುಂಬಾರನ ಚಕ್ರದ, ಮೇಲೆ ಎತ್ತುವುದು ಸುಲಭವೆಂದು ಕಲಿಯುವವರು ಭಾವಿಸುವುದುಂಟು. ಬಾಯಿ ಅಗಲವಾಗಿ, ಒಡಲು ನೇರವಾಗಿರುವುದರಿಂದ ಕೈಗೆ ಅದು ಸುಲಭವೇ ಹೌದು. ಅದರ ಕಷ್ಟವಿರುವುದು ಒಣಗಿಸುವುದರಲ್ಲಿ. ಗಡಿಗೆಯ ತಳವನ್ನು ಹಲಗೆಯಿಂದ ತಟ್ಟಿ ತೆಳ್ಳಗೆ, ದುಂಡಗೆ ಮಾಡುತ್ತಾರೆ. ಹೂಕುಂಡದ ತಳವಾದರೋ ಚಪ್ಪಟೆ, ಅಂಚು ದಪ್ಪ. ಇವೆರಡೂ ಒಂದೇ ವೇಗದಲ್ಲಿ ಒಣಗುವುದಿಲ್ಲ; ಕಡಲ ಗಾಳಿಯ ಮುಂಬಯಿಯಲ್ಲಂತೂ ಈ ವ್ಯತ್ಯಾಸವೇ ಕುಂಡವನ್ನು ಸೀಳುತ್ತದೆ.

ಕಲಿಯಬಯಸುವವರು ಮೊದಲು ಧಾರಾವಿಯ ಕುಂಭಾರವಾಡಕ್ಕೆ ಹೋಗಿ ಒಂದು ಬೆಳಗು ಕುಳಿತು ನೋಡಬೇಕು. ಸೌರಾಷ್ಟ್ರದಿಂದ ಬಂದು ನೆಲೆಸಿದ ಕುಂಬಾರ ಮನೆತನಗಳು ಅಲ್ಲಿ ತಲೆಮಾರುಗಳಿಂದ ಈ ಕೆಲಸ ಮಾಡುತ್ತಿವೆ. ನಮ್ಮ ತಿಗರಿಯನ್ನು ಅವರು ಚಾಕ ಎನ್ನುತ್ತಾರೆ, ಮಡಕೆ ಸುಡುವ ನಮ್ಮ ಆವಿಗೆಯನ್ನು ಭಟ್ಟಿ ಎನ್ನುತ್ತಾರೆ; ಮಣ್ಣಿನ ಹದ ನೋಡುವ ಹೆಬ್ಬೆರಳು ಮಾತ್ರ ನಮ್ಮ ಊರಿನ ಕುಂಬಾರರದರಂತೆಯೇ ಇದೆ.

ಜೇಡಿಮಣ್ಣನ್ನು ನೀರಿನಲ್ಲಿ ನೆನೆಸಿ, ಕದಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಬಟ್ಟೆಯ ಮೇಲೆ ನೀರು ಇಂಗಲು ಬಿಡಬೇಕು. ಹೂಕುಂಡಕ್ಕೆ ತೀರ ನಯವಾದ ಮಣ್ಣು ಬೇಡ. ಹತ್ತು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳು ಅಥವಾ ಸುಟ್ಟ ಮಡಕೆಯ ಪುಡಿ ಬೆರೆಸಿದರೆ ನೀರು ಒಳಗಿನಿಂದ ಸಲೀಸಾಗಿ ಹೊರಬರುತ್ತದೆ, ಬಿರುಕು ಕಡಿಮೆಯಾಗುತ್ತದೆ. ಚೌಪಾಟಿಯ ಕಡಲ ಮರಳನ್ನು ಮಾತ್ರ ಎಂದಿಗೂ ಬೆರೆಸಬಾರದು. ಅದರ ಉಪ್ಪು ಕುಂಡದ ಮೈಮೇಲೆ ಬಿಳಿಯಾಗಿ ಉಕ್ಕುತ್ತದೆ. ಅದರಲ್ಲಿರುವ ಚಿಪ್ಪಿನ ಚೂರುಗಳು ಬೆಂಕಿಯಲ್ಲಿ ಸುಣ್ಣವಾಗಿ, ಆಮೇಲೆ ಗಾಳಿಯ ತೇವವನ್ನು ಹೀರಿ ಉಬ್ಬಿ, ಸುಟ್ಟ ಕುಂಡದಿಂದ ಬಿಲ್ಲೆಬಿಲ್ಲೆಯಾಗಿ ಚಕ್ಕೆ ಎಬ್ಬಿಸುತ್ತವೆ. ಸುಟ್ಟು ಹಲವು ದಿನಗಳಾದ ಮೇಲೂ ಹೀಗಾಗುವುದರಿಂದ ತಪ್ಪು ಎಲ್ಲಿಯದೆಂದು ತಿಳಿಯುವುದೇ ಕಷ್ಟ.

ಆರು ಅಂಗುಲ ಬಾಯಿಯ ಕುಂಡಕ್ಕೆ ಸುಮಾರು ಒಂದೂವರೆ ಕಿಲೋ ಮಣ್ಣು ಸಾಕು. ಒಣಗಿ ಸುಡುವಷ್ಟರಲ್ಲಿ ಮಣ್ಣು ನೂರಕ್ಕೆ ಹತ್ತರಷ್ಟು ಕುಗ್ಗುವುದೆಂದು ಲೆಕ್ಕ ಹಿಡಿದು, ಹಸಿಯಲ್ಲಿ ಬಾಯಿಯನ್ನು ಸುಮಾರು 17 ಸೆಂಟಿಮೀಟರ್ ಅಗಲಕ್ಕೆ ತೆರೆಯಬೇಕು. ಗಾಳಿಗುಳ್ಳೆಗಳು ಹೋಗುವವರೆಗೆ ಮಣ್ಣನ್ನು ನಾದಿ, ಉಂಡೆ ಕಟ್ಟಿ, ತಿಗರಿಯ ನಡುವೆ ಬಲವಾಗಿ ಅಪ್ಪಳಿಸಬೇಕು. ಮೊಣಕೈಗಳನ್ನು ತೊಡೆಗೆ ಊರಿ, ಎಡ ಅಂಗೈಯಿಂದ ಬದಿಯನ್ನೂ ಬಲಗೈಯಿಂದ ಮೇಲನ್ನೂ ಒತ್ತಿ ಹಿಡಿದರೆ ಉಂಡೆ ನಡುವಿಗೆ ಬರುತ್ತದೆ. ಕಣ್ಣು ಮುಚ್ಚಿ ಹಿಡಿದಾಗ ಕೈ ಅಲುಗದಿದ್ದರೆ ಮಣ್ಣು ನಡುವಿನಲ್ಲಿದೆ, ಅಲುಗುತ್ತಿದ್ದರೆ ಮುಂದುವರಿಯಬಾರದು.

ಹೆಬ್ಬೆರಳುಗಳಿಂದ ನಡುವೆ ಗುಳಿ ಮಾಡಿ, ತಳದಲ್ಲಿ ಒಂದು ಸೆಂಟಿಮೀಟರ್ ಉಳಿಸಿ, ಗುಳಿಯನ್ನು ಅಗಲಿಸಬೇಕು. ಅನಂತರ ತಳವನ್ನು ಅಂಚಿನಿಂದ ನಡುವಿನ ಕಡೆಗೆ ಬೆರಳತುದಿಯಿಂದ ಮೂರು ನಾಲ್ಕು ಸಲ ಒತ್ತಿ ಸವರಬೇಕು. ಹೀಗೆ ಒತ್ತದ ತಳದಲ್ಲಿ ಹಾವಿನಂತೆ ಬಾಗಿದ ಬಿರುಕು ಮೂಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗೋಡೆ ಎತ್ತುವಾಗ ಒಳಗೈ ಮತ್ತು ಹೊರಗೈ ಬೆರಳುಗಳು ಎದುರುಬದುರಾಗಿ ಮಣ್ಣನ್ನು ಹಿಡಿದು, ತಿಗರಿ ಸುತ್ತುವ ವೇಗಕ್ಕೆ ತಕ್ಕಂತೆ ನಿಧಾನವಾಗಿ ಮೇಲೇರಬೇಕು. ಮೂರು ಎತ್ತುಗಳಲ್ಲಿ ಗೋಡೆ ಎಂಟು ಮಿಲಿಮೀಟರ್ ದಪ್ಪಕ್ಕೆ ಬರಬೇಕು. ಹೆಚ್ಚು ಸಲ ಎತ್ತಿದಷ್ಟೂ ಮಣ್ಣು ನೀರು ಕುಡಿದು ಕುಸಿಯುತ್ತದೆ. ಬಾಯಿಯು ತಳಕ್ಕಿಂತ ಅಗಲವಾಗಿಯೇ ಇರಬೇಕು, ಇಲ್ಲವಾದರೆ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಿಸುವಾಗ ಬೇರಿನ ಗಡ್ಡೆ ಹೊರಬರುವುದಿಲ್ಲ. ಅಂಚನ್ನು ಹೊರಕ್ಕೆ ಮಡಚಿ ಪಟ್ಟಿಯಂತೆ ದಪ್ಪ ಮಾಡುವುದು ಅಂದಕ್ಕಷ್ಟೇ ಅಲ್ಲ, ಮಣ್ಣು ತುಂಬಿದ ಕುಂಡವನ್ನು ಜನ ಎತ್ತುವುದು ಅಲ್ಲಿಂದಲೇ. ಒಳಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆದು, ದಾರದಿಂದ ತಳ ಕೊಯ್ದು, ಕುಂಡವನ್ನು ಹಲಗೆಗೆ ಸಾಗಿಸಬೇಕು.

ನೀರು ಬಸಿಯುವ ತೂತನ್ನು ಆಗಲೇ ಕೊರೆಯಬಾರದು. ಬೆರಳು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದಾಗ, ಒಂದೂವರೆ ಸೆಂಟಿಮೀಟರ್ ಅಗಲದ ತೂತು ಕೊರೆದು ಅದರ ಅಂಚನ್ನು ಒದ್ದೆ ಬೆರಳಿನಿಂದ ನಯಗೊಳಿಸಬೇಕು.

ಒಣಗಿಸುವುದಕ್ಕೆ ಕೈಯ ಕೆಲಸಕ್ಕಿಂತ ಹೆಚ್ಚಿನ ಗಮನ ಬೇಕು. ಮೊದಲ ದಿನ ಅಂಚಿಗೆ ಮಾತ್ರ ಪ್ಲಾಸ್ಟಿಕ್ ಹೊದಿಸಿ, ಅದು ತಳಕ್ಕಿಂತ ಮುಂದೆ ಓಡದಂತೆ ತಡೆಯಬೇಕು. ಗಟ್ಟಿಯಾದ ಮೇಲೆ ಕುಂಡವನ್ನು ಬೋರಲು ಹಾಕಿ ತಳಕ್ಕೆ ಗಾಳಿ ಕೊಡಬೇಕು. ಬಾಲ್ಕನಿಯಲ್ಲಿಟ್ಟರೆ ಗಾಳಿ ಬೀಸುವ ಬದಿ ಬೇಗ ಕುಗ್ಗಿ ಬಾಯಿ ವಕ್ರವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಹೊರಗೆ ಒಣಗಿದಂತೆ ಕಂಡ ಕುಂಡದ ಒಳಗೆ ತೇವ ಉಳಿದೇ ಇರುತ್ತದೆ. ಒಂದು ಆಷಾಢದಲ್ಲಿ ನಾನು ಬಣ್ಣವನ್ನಷ್ಟೇ ನೋಡಿ ಭಟ್ಟಿಗೆ ಕೊಟ್ಟ ಏಳು ಕುಂಡಗಳಲ್ಲಿ ಐದು ಸಿಡಿದವು. ಅಂದಿನಿಂದ ತಳವನ್ನು ಕೆನ್ನೆಗೆ ತಾಗಿಸಿ ನೋಡುತ್ತೇನೆ. ತಣ್ಣಗೆನಿಸಿದರೆ ನೀರು ಇನ್ನೂ ಆರುತ್ತಿದೆಯೆಂದೇ ಅರ್ಥ. ಅಂಥ ಕುಂಡಕ್ಕೆ ಇನ್ನೂ ಒಂದು ವಾರ ಬೇಕು.

ಸುಡುವಾಗ ನೀರು ಆವಿಯಾಗುವ ಮೊದಲ ಹಂತವನ್ನು, ಅಂದರೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗಿನ ಕಾವನ್ನು, ಸಣ್ಣ ಬೆಂಕಿಯಲ್ಲಿ ನಿಧಾನವಾಗಿ ದಾಟಿಸಬೇಕು. ಮುಂದೆ 900ರಿಂದ 1000 ಡಿಗ್ರಿಯವರೆಗೆ ಏರಿಸಿದರೆ ಸಾಕು. ಇನ್ನೂ ಹೆಚ್ಚಿಸಿದರೆ ಮೈಯ ಸಣ್ಣ ರಂಧ್ರಗಳು ಮುಚ್ಚಿಕೊಂಡು, ಬೇರಿಗೆ ಗಾಳಿ ಕೊಡುವ ಹೂಕುಂಡದ ಗುಣವೇ ಹೋಗುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನ ಕಬ್ಬಿಣದ ಅಂಶ ಕೆಂಪಾಗುತ್ತದೆ, ಹೊಗೆ ಕವಿದರೆ ಕಪ್ಪಾಗುತ್ತದೆ. ಭಟ್ಟಿ ತಾನಾಗಿ ಆರುವವರೆಗೆ ತೆರೆಯಬಾರದು.

ತಣಿದ ಕುಂಡವನ್ನು ಬೆರಳಗಂಟಿನಿಂದ ತಟ್ಟಿದಾಗ ಟಣ್ ಎಂದರೆ ಬಿರುಕಿಲ್ಲ; ಬೊದ್ದು ಸದ್ದು ಬಂದರೆ ಬೆಳಕಿಗೆ ಹಿಡಿದು ಹುಡುಕಬೇಕು. ಗಿಡ ನೆಡುವ ಮುನ್ನ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಮೈಯಿಂದ ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಬೇಕು. ಒಣ ಕುಂಡದಲ್ಲಿ ಹಾಗೆಯೇ ನೆಟ್ಟರೆ, ಗಿಡಕ್ಕೆ ಹೊಯ್ದ ಮೊದಲ ನೀರನ್ನು ಕುಂಡವೇ ಕುಡಿದುಬಿಡುತ್ತದೆ.