ಡ್ರಾಗನ್ ಕೈಗೆ ಬಂದದ್ದು ಕರೆಂಟ್ ಇಲ್ಲದ ಮಳೆಗಾಲದಲ್ಲಿ

ಚೆಸ್‌ನಲ್ಲಿ ಕಪ್ಪು ಕಾಯಿಯವರು ಆಡುವ ಸಿಸಿಲಿಯನ್ ಡ್ರಾಗನ್ ಎಂಬ ಆರಂಭವನ್ನು ಎಂಜಿನ್ (ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಮುಟ್ಟದೆ ಕಲಿಯುತ್ತೇನೆ ಎಂದಾಗ ಶಿರಸಿಯ ನಮ್ಮ ಭಾನುವಾರದ ಆಟದ ಗೆಳೆಯರು ಯಾರೂ ಒಪ್ಪಲಿಲ್ಲ. "ತಮ್ಮಾ, ಅದು ಬಾಯಿಪಾಠದ ಆಟ. ಒಂದು ನಡೆ ಮರೆತರೆ ಮುಗಿಯಿತು" ಎಂದರು ಹಿರಿಯರೊಬ್ಬರು. ಮೊನ್ನೆ ಹುಬ್ಬಳ್ಳಿಯಲ್ಲಿ ಕಪ್ಪು ಕಾಯಿಗಳಿಂದ ಮೂರು ಸಲ ಡ್ರಾಗನ್ ಆಡಿ ಎರಡೂವರೆ ಅಂಕ ತಂದೆ. ಈಗ ನನ್ನ ಟಿಪ್ಪಣಿ ಪುಸ್ತಕ ಅವರ ಮನೆಯಲ್ಲಿದೆ.

ಬಾಯಿಪಾಠ ನಾನೂ ಮಾಡಿದ್ದೆ. ಆನ್‌ಲೈನ್ ಪಾಠಗಳಿಗೆ ಎರಡು ವರ್ಷದಲ್ಲಿ ಹತ್ತಿರ ಹತ್ತಿರ ಎಂಟು ಸಾವಿರ ರೂಪಾಯಿ ಹೋಯಿತು. ಪ್ರವೇಶ ಶುಲ್ಕ, ಬಸ್ಸು, ವಸತಿ ಬೇರೆ. ಹದಿನೈದು ನಡೆ ಸರಸರನೆ ಆಡುತ್ತಿದ್ದೆ. ಎದುರಾಳಿ ಪಾಠದಲ್ಲಿಲ್ಲದ ನಡೆ ಇಟ್ಟ ಕೂಡಲೇ ದಿಕ್ಕು ತಪ್ಪುತ್ತಿತ್ತು. ಕಾರವಾರದಲ್ಲಿ ಒಮ್ಮೆ ಸಿ3 ಮನೆಯಲ್ಲಿದ್ದ ಬಿಳಿಯ ಕುದುರೆಯನ್ನು ಹೊಡೆದು ಬದಲಿಗೆ ಆನೆ ಕೊಟ್ಟೆ. ಕಾಲಾಳು ಹೊಡೆಯುತ್ತದೆ, ರಾಜನ ಮುಂದಿನ ಗೋಡೆ ಒಡೆಯುತ್ತದೆ ಎಂದು ಕಾದೆ. ಹುಡುಗ ರಾಣಿಯಿಂದ ಹೊಡೆದ. ಗೋಡೆ ಇದ್ದಲ್ಲೇ ಇತ್ತು, ನನ್ನ ಆನೆ ಹೋಗಿತ್ತು.

ಆ ಮಳೆಗಾಲದಲ್ಲಿ ತೋಟಕ್ಕೆ ಬೋರ್ಡೋ ಔಷಧಿ ಸಿಂಪಡಿಸಲೂ ಮಳೆ ಬಿಡಲಿಲ್ಲ, ಮೂರು ವಾರ ಕರೆಂಟ್ ನೆಟ್ಟಗೆ ಇರಲಿಲ್ಲ. ಹಲಗೆಯ ಮೇಲೆ ಒಂದೇ ಸ್ಥಿತಿ ಇಟ್ಟುಕೊಂಡೆ: ಡ್ರಾಗನ್ ಮೇಲೆ ಬಿಳಿ ಮಾಡುವ ಯುಗೊಸ್ಲಾವ್ ದಾಳಿಯಲ್ಲಿ ಹನ್ನೆರಡನೆಯ ನಡೆಗೆ ಬಿಳಿ ಅಂಚಿನ ಕಾಲಾಳನ್ನು ಎಚ್4ಕ್ಕೆ ತಳ್ಳಿದ್ದು. ಅಲ್ಲಿಂದ ಎರಡೂ ಕಡೆ ನಾನೇ, ಸುಮಾರು ನಲವತ್ತು ಸಲ. ಪ್ರತಿ ನಡೆಗೆ ಮೊದಲು ಎರಡು ಲೆಕ್ಕ ಬರೆದೆ: ಬಿಳಿಯ ರಾಣಿ ನನ್ನ ರಾಜನ ಪಕ್ಕದ ಎಚ್7 ತಲುಪಲು ಎಷ್ಟು ನಡೆ, ಸಿ ಸಾಲಿನಲ್ಲಿ ನನ್ನ ದಾಳಿಗೆ ಎಷ್ಟು ನಡೆ. ಎಚ್7 ಕಾಯುವುದು ನನ್ನ ಎಫ್6ರ ಕುದುರೆ. ಅದನ್ನು ಕೀಳಲು ಬಿಳಿ ಕುದುರೆ ಡಿ5ಕ್ಕೆ ಹಾರುತ್ತದೆ. ಹಾರುವುದು ಸಿ3ರಿಂದಲೇ! ಆನೆ ಕೊಡುವುದು ಗೋಡೆ ಒಡೆಯಲು ಮಾತ್ರವಲ್ಲ, ಆ ದಾಳಿಕಾರನನ್ನು ಹೊಡೆಯಲು ಎಂಬುದು ಇಪ್ಪತ್ತನೆಯ ಸಲವೋ ಏನೋ ಹೊಳೆಯಿತು. ಇ4ರ ಕಾವಲಿನಲ್ಲೂ ಒಂದು ಕಾಯಿ ಕಡಿಮೆಯಾಗುತ್ತದೆ.

ಎಂಜಿನ್ ತೆರೆದದ್ದು ಪುಸ್ತಕ ತುಂಬಿದ ಮೇಲೆ. ಪ್ರತಿ ಮೂರರಲ್ಲಿ ಒಂದು ಲೆಕ್ಕ ತಪ್ಪಿತ್ತು. ಆ ತಪ್ಪುಗಳೆಲ್ಲ ಇಂದಿಗೂ ಕಣ್ಣ ಮುಂದಿವೆ.

ನಡುವೆ ಸಿಸಿಲಿಯನ್‌ನ ಇನ್ನೊಂದು ಬಗೆಯಾದ ನಾಯ್ಡಾರ್ಫ್‌ನ 'ವಿಷದ ಕಾಲಾಳ'ನ್ನೂ (ಕಪ್ಪು ರಾಣಿ ಹೋಗಿ ತಿನ್ನುವ ಬಿಳಿಯ ಬಿ2 ಕಾಲಾಳು) ಒಂದು ವಾರ ಹೀಗೇ ಆಡಿ ನೋಡಿದೆ. 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಶಿಪ್‌ನ ಹನ್ನೊಂದನೆಯ ಆಟದಲ್ಲಿ ಫಿಷರ್ ಅದನ್ನು ತಿಂದು, ರಾಣಿಯನ್ನು ಕಳೆದುಕೊಂಡು ಸ್ಪಾಸ್ಕಿಗೆ ಸೋತರು. ಅಲ್ಲಿನ ಲೆಕ್ಕವೆಲ್ಲ ರಾಣಿ ಮರಳುವ ದಾರಿಯದು. ನನ್ನ ವಿಧಾನ ಹೊಂದಲಿಲ್ಲ, ಬಿಟ್ಟೆ.

ಎಚ್4ಕ್ಕೆ ನಾನು ಎಚ್5 ಆಡಿ ತಡೆಯುತ್ತೇನೆ. ಇದಕ್ಕೆ ಸೋಲ್ಟಿಸ್ ಪದ್ಧತಿ ಎನ್ನುತ್ತಾರೆ, ಡ್ರಾಗನ್ ಆಡುವ ಎಲ್ಲರಿಗೂ ಗೊತ್ತು. ಅದಾಗಿ ಎರಡು ನಡೆಯ ಮೇಲೆ ನಾನು ಸರಿಸುವ ಒಂದು ಕಾಯಿ ಹುಬ್ಬಳ್ಳಿಯಲ್ಲಿ ಇಬ್ಬರನ್ನು ಇಪ್ಪತ್ತು ನಿಮಿಷ ಯೋಚನೆಗೆ ಹಚ್ಚಿತು. ದಸರಾ ಮುಗಿದ ಮೇಲೆ ಧಾರವಾಡದಲ್ಲಿ ಆಡುವುದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.