ಜಾಲತಾಣಕ್ಕೆ ಹೊಸ ರೂಪ ಕೊಡುವ ಮುನ್ನ

ರಾಯಚೂರಿನ ಗೆಳೆಯರೇ, ನಮ್ಮ ಮುಕ್ತ ತಂತ್ರಾಂಶದ ಜಾಲತಾಣವನ್ನು ಹೊಸದಾಗಿ ಕಟ್ಟಲು ಹೊರಟಿದ್ದೀರಿ, ಬಹಳ ಸಂತೋಷ. ಬಣ್ಣ, ಲಾಂಛನಗಳ ಚರ್ಚೆ ಆಮೇಲೆ ಇರಲಿ. ಮೊದಲು ಹಳೆಯ ಪುಟಗಳ ವಿಳಾಸಗಳನ್ನೆಲ್ಲ ಪಟ್ಟಿ ಮಾಡಿ. ವಿಳಾಸ ಬದಲಾಗುವುದಾದರೆ 301 ಮರುನಿರ್ದೇಶನ, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿಯೇ ಹೊಸ ವಿಳಾಸಕ್ಕೆ ಕಳಿಸುವ ಶಾಶ್ವತ ಸೂಚನೆ, ಹಾಕಲೇಬೇಕು. ಇಲ್ಲವಾದರೆ ಯಾರೋ ಎಂದೋ ಉಳಿಸಿಕೊಂಡ ಕೊಂಡಿ 404, ಅಂದರೆ ‘ಪುಟ ಸಿಗಲಿಲ್ಲ’ ಎಂಬ ದೋಷ, ತೋರಿಸುತ್ತದೆ, ಬಂದವರು ಹಾಗೆಯೇ ಹೊರಟುಹೋಗುತ್ತಾರೆ.

ಕನ್ನಡ ಪುಟಗಳಲ್ಲಿ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6 ಪಟ್ಟಾದರೂ ಇಡಿ. ಇಂಗ್ಲಿಷಿಗೆ ಹೊಂದಿಸಿದ ಇಕ್ಕಟ್ಟಿನಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಉಚಿತ, ಪರವಾನಗಿಯೂ ಮುಕ್ತ.

ಮಾನ್ವಿ, ದೇವದುರ್ಗದ ಕಡೆಯವರೊಬ್ಬರು ತಮ್ಮ ಸಾಧಾರಣ ಮೊಬೈಲಿನಲ್ಲಿ ಡೌನ್‌ಲೋಡ್ ಗುಂಡಿ ಹುಡುಕುವುದನ್ನು ಪಕ್ಕದಲ್ಲೇ ಕುಳಿತು ನೋಡಿ. ದಯವಿಟ್ಟು ನಡುವೆ ಬಾಯಿ ಹಾಕಬೇಡಿ. ಎಲ್ಲಿ ತಡವರಿಸಿದರೋ ಆ ಪುಟವನ್ನೇ ಮೊದಲು ತಿದ್ದಿ.